ಮನೆಯ ಅಗ್ಗಿಷ್ಟಿಕೆ: ಬೆಂಕಿ ಹಚ್ಚುವ ಮುಂಚಿನಿಂದ ಬೂದಿ ತೆಗೆಯುವವರೆಗೆ

ಅಗ್ಗಿಷ್ಟಿಕೆಯ ಮುಂದೆ ಕೂತಾಗ ಎಲ್ಲರ ಕಣ್ಣೂ ಉರಿಯ ಮೇಲೆಯೇ ಇರುತ್ತದೆ. ಆದರೆ ದೊಡ್ಡ ಅನಾಹುತಗಳ ಬೇರು ಹೆಚ್ಚಾಗಿ ಇರುವುದು ಮೇಲೆ, ಕಣ್ಣಿಗೆ ಬೀಳದ ಚಿಮಣಿಯೊಳಗೆ. ಹೊಗೆ ಬಿಸಿಯಾಗಿಯೇ, ಎಲ್ಲೂ ನಿಲ್ಲದೆ ಹೊರಗೆ ಹೋದರೆ ಬಹುಪಾಲು ತೊಂದರೆಗಳು ಹುಟ್ಟುವುದೇ ಇಲ್ಲ. ಅದಕ್ಕೇ ಇಲ್ಲಿ ಬೆಂಕಿಗಿಂತ ಹೊಗೆಯ ಮಾತು ಜಾಸ್ತಿ. ಹೇಳಿರುವುದೆಲ್ಲ ಸೌದೆ ಉರಿಸುವ, ಬಾಗಿಲಿಲ್ಲದ, ಇಟ್ಟಿಗೆ ಅಥವಾ ಕಲ್ಲಿನ ಅಗ್ಗಿಷ್ಟಿಕೆಗೆ. ಗ್ಯಾಸ್ ಫೈರ್‌ಪ್ಲೇಸ್ ಮತ್ತು ಬಾಗಿಲಿರುವ ಕಬ್ಬಿಣದ ಒಲೆಯ ನಿಯಮಗಳು ಬೇರೆ.

ಒಳಗೆ ಏನೇನಿದೆ, ಹೇಗೆ ಕೆಲಸ ಮಾಡುತ್ತದೆ

ಸೌದೆ ಉರಿಯುವ ಗೂಡಿನ ಒಳಗೋಡೆಗೆ ಶಾಖ ತಡೆಯುವ ವಿಶೇಷ ಇಟ್ಟಿಗೆ ಇರುತ್ತದೆ. ಗೂಡಿನ ಮುಂದೆ ಕಲ್ಲಿನ ಹಾಸು. ಮೇಲೆ ಹೋಗುತ್ತಾ ಗೂಡು ಕಿರಿದಾಗಿ ಗಂಟಲಾಗುತ್ತದೆ. ಅಲ್ಲಿ ತೆರೆದು ಮುಚ್ಚುವ ಒಂದು ಕಬ್ಬಿಣದ ಫಲಕ ಇದೆ, ಅದೇ ಡ್ಯಾಂಪರ್. ಡ್ಯಾಂಪರ್‌ನ ಹಿಂದೆ ಸಣ್ಣದೊಂದು ಕಟ್ಟೆ. ಉದುರಿದ ಮಸಿ, ಒಣ ಎಲೆ, ಮಳೆಹನಿ ಎಲ್ಲ ಬಂದು ಕೂರುವುದು ಇಲ್ಲೇ. ಅಲ್ಲಿಂದ ಮೇಲಕ್ಕೆ ಹೊಗೆಗೊಳವೆ. ಅದರ ಒಳಮೈಗೆ ಸುಟ್ಟ ಜೇಡಿಮಣ್ಣಿನ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಲೈನರ್ ಹಾಕಿರುತ್ತಾರೆ. ಬಿಸಿ ಮತ್ತು ಹೊಗೆ ಗೋಡೆಯ ಸಂದಿಗಳಿಗೆ, ಛಾವಣಿಯ ಮರಕ್ಕೆ ತಲುಪದಂತೆ ಕಾಯುವುದು ಈ ಲೈನರ್. ತುತ್ತತುದಿಯಲ್ಲಿ ಜಾಲರಿ ಇರುವ ಟೋಪಿ. ಅದು ಮಳೆ, ಹಕ್ಕಿ, ಹಾರುವ ಕಿಡಿ ಮೂರನ್ನೂ ತಡೆಯುತ್ತದೆ.

ಬಿಸಿ ಗಾಳಿ ಹಗುರ, ಅದು ಮೇಲೇರುತ್ತದೆ. ಏರುವಾಗ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಚಿಮಣಿ ಎಷ್ಟು ಬಿಸಿಯಾಗಿದ್ದರೆ, ಎಷ್ಟು ಎತ್ತರವಿದ್ದರೆ ಈ ಎಳೆತ ಅಷ್ಟು ಜೋರು. ಇದರ ಇನ್ನೊಂದು ಮುಖವೂ ಗೊತ್ತಿರಲಿ. ಎಳೆತದ ಜೊತೆ ಕೋಣೆಯ ಬೆಚ್ಚನೆ ಗಾಳಿಯೂ ಹೊರಗೆ ಹೋಗುತ್ತದೆ. ತೆರೆದ ಅಗ್ಗಿಷ್ಟಿಕೆಯ ಶಾಖದಲ್ಲಿ ಹೆಚ್ಚಿನ ಪಾಲು ಚಿಮಣಿಯ ಪಾಲೇ. ನಮಗೆ ಸಿಗುವುದು ಉರಿ ಮತ್ತು ಬಿಸಿ ಇಟ್ಟಿಗೆಯಿಂದ ನೇರವಾಗಿ ಮೈಗೆ ತಾಗುವ ಕಾವು. ಕೌಂಟ್ ರಮ್‌ಫರ್ಡ್ ಎಂದು ಹೆಸರಾದ ವಿಜ್ಞಾನಿ ಬೆಂಜಮಿನ್ ಥಾಮ್ಸನ್ 1796ರಲ್ಲಿ ಇದನ್ನೇ ಬರೆದು ತೋರಿಸಿದರು. ಗೂಡು ಆಳ ಕಡಿಮೆಯಿರಲಿ, ಪಕ್ಕದ ಗೋಡೆಗಳು ಓರೆಯಾಗಿರಲಿ, ಗಂಟಲು ಕಿರಿದಾಗಿರಲಿ ಎಂದರು. ಆ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ಇಡೀ ಮನೆ ಬೆಚ್ಚಗಾಗಲಿ ಎಂದು ಭಾರಿ ಬೆಂಕಿ ಹಾಕಿದರೆ ಸೌದೆ ಖಾಲಿಯಾಗುತ್ತದೆ, ಅಪಾಯ ಹೆಚ್ಚುತ್ತದೆ, ಪಕ್ಕದ ಕೋಣೆ ಮಾತ್ರ ತಣ್ಣಗೇ ಇರುತ್ತದೆ.

ಮೊದಲ ಬೆಂಕಿಗೆ ಮುಂಚೆ

ವರ್ಷಕ್ಕೊಮ್ಮೆ ಚಿಮಣಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಅಮೆರಿಕದ ಅಗ್ನಿಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 211 ಕೂಡ ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷೆ ಆಗಲೇಬೇಕು ಎನ್ನುತ್ತದೆ. "ನಾವು ಹಚ್ಚಿದ್ದೇ ನಾಲ್ಕು ಸಲ" ಎಂಬುದು ಇಲ್ಲಿ ನಡೆಯುವುದಿಲ್ಲ. ಬಳಸದ ಚಿಮಣಿಯಲ್ಲೂ ಹಕ್ಕಿ ಗೂಡು ಕಟ್ಟುತ್ತದೆ, ನೀರು ಇಳಿಯುತ್ತದೆ, ಗಾರೆ ಬಿರುಕು ಬಿಡುತ್ತದೆ. ಹಳೆ ಮನೆ ಕೊಂಡವರು, ಬಾಡಿಗೆಗೆ ಬಂದವರು ಹಿಂದಿನವರ ಮಾತು ನಂಬಿ ಬೆಂಕಿ ಹಚ್ಚಬೇಡಿ. ಗೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡಿಸುವುದು ಒಳ್ಳೆಯದು.

ನೀವೇ ನೋಡಬಹುದಾದದ್ದೂ ಇದೆ. ಗೂಡು ಪೂರ್ತಿ ತಣ್ಣಗಿರುವಾಗ ಕನ್ನಡಕ, ಮಾಸ್ಕ್ ಹಾಕಿಕೊಂಡು ಡ್ಯಾಂಪರ್ ತೆಗೆಯಿರಿ. ಟಾರ್ಚ್ ಬಿಟ್ಟು ಮೇಲೆ ನೋಡಿ. ಡ್ಯಾಂಪರ್ ಸಲೀಸಾಗಿ ಪೂರ್ತಿ ತೆರೆಯುತ್ತದೆಯೇ? ಇಟ್ಟಿಗೆಗಳ ನಡುವೆ ಗಾರೆ ಉದುರಿದೆಯೇ? ಒಳಗೋಡೆಯ ಮಸಿಯನ್ನು ಸಲಾಕೆಯಿಂದ ಗೀರಿ ನೋಡಿ. ಪದರ 3 ಮಿಲಿಮೀಟರ್ ದಪ್ಪ ಆಗಿದ್ದರೆ ಶುಚಿಯಾಗುವವರೆಗೆ ಬೆಂಕಿ ಬೇಡ. ಗೂಡಿನಲ್ಲಿ ಗಾರೆ ಬಿಟ್ಟ ಕಡೆ ಮಾಮೂಲಿ ಸಿಮೆಂಟ್ ಮೆತ್ತಬೇಡಿ, ಕಾವಿಗೆ ಅದು ಬಿರಿದು ಉದುರುತ್ತದೆ. ಶಾಖ ತಡೆಯುವ ಗಾರೆಯೇ ಬೇಕು.

ಹೊರಗೆ ನಿಂತು ಚಿಮಣಿಯ ತಲೆಯನ್ನೂ ನೋಡಿ. ಟೋಪಿ ಓರೆಯಾಗಿದೆಯೇ, ಇಟ್ಟಿಗೆಯ ಮೇಲೆ ಬಿಳಿ ಉಪ್ಪಿನ ಕಲೆ ಬಂದಿದೆಯೇ? ಬಿಳಿ ಕಲೆ ಎಂದರೆ ಒಳಗೆ ನೀರು ಓಡಾಡುತ್ತಿದೆ ಎಂದರ್ಥ. ಎತ್ತರಕ್ಕೂ ಒಂದು ಲೆಕ್ಕವಿದೆ. ಚಿಮಣಿ ಛಾವಣಿಯಿಂದ ಹೊರಬರುವ ಜಾಗಕ್ಕಿಂತ ಕನಿಷ್ಠ 3 ಅಡಿ ಮೇಲಿರಬೇಕು. ಸುತ್ತ 10 ಅಡಿಯೊಳಗೆ ಇರುವ ಕಟ್ಟಡದ ಯಾವುದೇ ಭಾಗಕ್ಕಿಂತ ಕನಿಷ್ಠ 2 ಅಡಿ ಎತ್ತರ ಇರಬೇಕು. ಕಡಿಮೆಯಾದರೆ ಗಾಳಿ ಸುತ್ತಿ ಹೊಗೆಯನ್ನು ಒಳಕ್ಕೆ ತಳ್ಳುತ್ತದೆ. ನಿಮ್ಮ ಊರಿನಲ್ಲಿ ಸೌದೆಯ ಹೊಗೆಗೆ ನಿರ್ಬಂಧ ಇದೆಯೇ ಎಂಬುದನ್ನೂ ಈಗಲೇ ವಿಚಾರಿಸಿಕೊಳ್ಳಿ.

ಸೌದೆಯ ವಿಷಯ

ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಯಾವ ಮರ ಎಂಬುದಕ್ಕಿಂತ ಎಷ್ಟು ಒಣಗಿದೆ ಎಂಬುದು ನೂರು ಪಾಲು ಮುಖ್ಯ. ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದರಲ್ಲೇ ಬೆಂಕಿಯ ಶಕ್ತಿ ಕಳೆಯುತ್ತದೆ. ಉರಿ ತಣ್ಣಗಾಗುತ್ತದೆ, ಹೊಗೆ ದಟ್ಟವಾಗುತ್ತದೆ. ಆ ತಣ್ಣನೆ ಹೊಗೆ ಗೊಳವೆಯ ಗೋಡೆಗೆ ತಾಗಿ ಟಾರಿನಂತಹ ಪದಾರ್ಥವಾಗಿ ಅಂಟುತ್ತದೆ. ಅದೇ ಕ್ರಿಯೋಸೋಟ್. ಮೊದಲು ಪುಡಿ ಮಸಿಯಂತೆ ಇರುತ್ತದೆ, ಬ್ರಷ್‌ಗೆ ಬರುತ್ತದೆ. ಆಮೇಲೆ ಹೊಳೆಯುವ ಚಕ್ಕೆಗಳಾಗುತ್ತದೆ. ಕೊನೆಗೆ ಕರಿ ಗಾಜಿನಂತೆ ಗಟ್ಟಿಯಾಗಿ ಕೂತರೆ ಮನೆಯವರ ಕೈಯಲ್ಲಿ ತೆಗೆಯಲು ಆಗುವುದಿಲ್ಲ. ಈ ಪದರಕ್ಕೆ ಕಿಡಿ ತಾಗಿದರೆ ಚಿಮಣಿಗೇ ಬೆಂಕಿ.

ಸೌದೆಯ ತೇವ 20 ಶೇಕಡಾಕ್ಕಿಂತ ಕಡಿಮೆ ಇರಬೇಕು. ತೇವ ಅಳೆಯುವ ಮೀಟರ್ ದುಬಾರಿ ಸಾಧನವಲ್ಲ, ಒಂದು ಇಟ್ಟುಕೊಳ್ಳಿ. ಹೊರಮೈ ಮೇಲೆ ಅಳೆದರೆ ಮೋಸ ಹೋಗುತ್ತೀರಿ. ತುಂಡನ್ನು ಸೀಳಿ, ಹೊಸದಾಗಿ ತೆರೆದ ಮೈಗೆ ಮೀಟರ್‌ನ ಮುಳ್ಳು ಚುಚ್ಚಿ. ಮೀಟರ್ ಇಲ್ಲದಿದ್ದರೆ ಗುರುತುಗಳಿವೆ: ತುದಿಯಲ್ಲಿ ಬಿರುಕು, ತಾನಾಗಿ ಬಿಡುವ ತೊಗಟೆ, ಕೈಗೆ ಹಗುರ, ಎರಡು ತುಂಡು ಬಡಿದರೆ ಟಣ್ಣೆನ್ನುವ ಸದ್ದು. ಹಸಿ ಸೌದೆ ದಪ್ ಎನ್ನುತ್ತದೆ, ಬೆಂಕಿಗಿಟ್ಟರೆ ತುದಿಯಿಂದ ನೊರೆ ಬಿಟ್ಟು ಸುಯ್ಗುಡುತ್ತದೆ.

ಸೀಳಿ ಒಣಗಿಸಿದರೆ ಮೆದು ಮರಕ್ಕೆ ಸುಮಾರು ಆರು ತಿಂಗಳು, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ ಬೇಕು. ನೆಲಕ್ಕೆ ತಾಗದಂತೆ ಅಡಿಮರದ ಮೇಲೆ ಪೇರಿಸಿ. ಮೇಲೆ ಮಾತ್ರ ಹೊದಿಸಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಸುತ್ತಲೂ ಟಾರ್ಪಾಲ್ ಸುತ್ತಿಬಿಟ್ಟರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ರಾಶಿ ಮನೆಯ ಗೋಡೆಗೆ ತಾಗಿಕೊಂಡಿರುವುದೂ ಬೇಡ, ಗೆದ್ದಲು ಬರುತ್ತದೆ.

ಉರಿಸಬಾರದ್ದು ಯಾವುದು? ಬಣ್ಣ, ವಾರ್ನಿಷ್ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್, ಥರ್ಮೋಕೋಲ್, ಹೊಳಪಿನ ಕಾಗದ. ಗೆದ್ದಲು ಹತ್ತದಂತೆ ರಾಸಾಯನಿಕ ಹಾಕಿದ ಮರವಂತೂ ಖಂಡಿತ ಬೇಡ. ಅಂಥ ಹಳೆ ಮರದಲ್ಲಿ ಆರ್ಸೆನಿಕ್ ಇರುವುದುಂಟು, ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ವಿಷ. ಸಮುದ್ರದಲ್ಲಿ ತೇಲಿಬಂದ ಮರದ ಉಪ್ಪು ಲೋಹವನ್ನು ತಿನ್ನುತ್ತದೆ. ಕಣಗಿಲೆ ಗಿಡದ ಕಡ್ಡಿಗಳ ಹೊಗೆಯೂ ವಿಷ. ಇದ್ದಿಲನ್ನು ಮನೆಯೊಳಗೆ ಉರಿಸಬೇಡಿ, ಅದು ಬಿಡುವ ಕಾರ್ಬನ್ ಮಾನಾಕ್ಸೈಡ್ ಬಹಳ. ಖಾಲಿ ರಟ್ಟಿನ ಡಬ್ಬ, ಕಾಗದದ ರಾಶಿಯನ್ನು ಒಟ್ಟಿಗೆ ಸುರಿದರೆ ಉರಿ ಒಮ್ಮೆಗೇ ಎದ್ದು ಗೊಳವೆಗೆ ನುಗ್ಗುತ್ತದೆ. ಕಸ ಸುಡಲು ಅಗ್ಗಿಷ್ಟಿಕೆ ಜಾಗವಲ್ಲ.

ಕೋಣೆಯ ತಯಾರಿ

ಸುಡುವಂಥ ಎಲ್ಲ ವಸ್ತುಗಳೂ ಬೆಂಕಿಯಿಂದ 3 ಅಡಿ ದೂರ: ಸೋಫಾ, ಪರದೆ, ಕಂಬಳಿ, ಪತ್ರಿಕೆ, ಸೌದೆಯ ಬುಟ್ಟಿ ಕೂಡ. ಗೂಡಿನ ಮುಂದಿನ ಕಲ್ಲುಹಾಸು ಬಾಯಿಯಿಂದ ಕನಿಷ್ಠ 16 ಇಂಚು ಮುಂದಕ್ಕೆ, ಎರಡೂ ಪಕ್ಕ 8 ಇಂಚು ಇರಬೇಕು. ದೊಡ್ಡ ಬಾಯಿಯ ಅಗ್ಗಿಷ್ಟಿಕೆಗೆ 20 ಮತ್ತು 12 ಇಂಚು. ಆ ಹಾಸಿನ ಮೇಲೆ ರಗ್ಗು ಹಾಸಿದರೆ ಹಾಸು ಇದ್ದೂ ಇಲ್ಲದಂತೆ. ಬಾಯಿಯ ಮುಂದೆ ಗಟ್ಟಿ ಲೋಹದ ಜಾಲರಿ ಪರದೆ ಯಾವಾಗಲೂ ಇರಲಿ, ಯಾಕೆಂದರೆ ಒಣ ಸೌದೆಯೂ ಸಿಡಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇನ್ನೂ ಸ್ವಲ್ಪ ಹೊರಗೆ, ಗೋಡೆಗೆ ಬಿಗಿದ ಬೇಲಿಯೂ ಬೇಕು, ಜಾಲರಿಯೇ ಕೈ ಸುಡುವಷ್ಟು ಕಾಯುತ್ತದೆ. ಉದ್ದ ಇಕ್ಕಳ, ಸಲಾಕೆ, ಸಲಿಕೆ, ದಪ್ಪ ಚರ್ಮದ ಕೈಗವಸು, ಒಂದು ಬಕೆಟ್ ಮರಳು ಮತ್ತು ಒಣಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವ ಕಡೆ ಇರಲಿ.

ಹೊಗೆಯ ಅಲಾರಂ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಅಗ್ಗಿಷ್ಟಿಕೆಯ ಕೋಣೆಯಲ್ಲೂ ಮಲಗುವ ಕೋಣೆಗಳ ಹತ್ತಿರವೂ ಹಾಕಿ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಸದ್ದು ಬರುತ್ತದೆಯೇ ನೋಡಿ.

ಬೆಂಕಿ ಹಚ್ಚುವ ಕ್ರಮ

1. ಡ್ಯಾಂಪರ್ ಪೂರ್ತಿ ತೆರೆಯಿರಿ. ಹಿಡಿ ಯಾವ ಕಡೆ ಇದೆ ಎಂದು ನೋಡಿದರೆ ಸಾಲದು, ಟಾರ್ಚ್ ಬಿಟ್ಟು ಕಣ್ಣಾರೆ ನೋಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಹತ್ತಿರದ ಕಿಟಕಿಯನ್ನು ಒಂದೆರಡು ಇಂಚು ತೆರೆದಿಡಿ.

2. ಎಳೆತ ನೋಡಿ. ಬೆಂಕಿಕಡ್ಡಿ ಗೀರಿ, ಊದಿ ಆರಿಸಿ, ಅದರ ಹೊಗೆಯನ್ನು ಗಂಟಲ ಹತ್ತಿರ ಹಿಡಿಯಿರಿ. ಹೊಗೆ ಮೇಲಕ್ಕೆ ಹೋದರೆ ಸರಿ. ಕೋಣೆಯ ಕಡೆ ಬಂದರೆ ಗೊಳವೆಯಲ್ಲಿ ತಣ್ಣನೆ ಗಾಳಿ ಕೂತಿದೆ. ಹೊರಗೋಡೆಯಲ್ಲಿರುವ ಚಿಮಣಿಗಳಲ್ಲಿ ಇದು ಸಾಮಾನ್ಯ.

3. ಗೊಳವೆ ಬೆಚ್ಚಗೆ ಮಾಡಿ. ಒಂದೆರಡು ಹಾಳೆ ಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಕೈಗವಸು ಹಾಕಿಕೊಂಡು, ತುದಿ ಹಚ್ಚಿ ಗಂಟಲ ಹತ್ತಿರ ಸ್ವಲ್ಪ ಹೊತ್ತು ಹಿಡಿಯಿರಿ. ಎಳೆತ ತಿರುಗಿದ್ದು ಉರಿಯ ವಾಲಿಕೆಯಿಂದಲೇ ಗೊತ್ತಾಗುತ್ತದೆ.

4. ಸೌದೆ ಜೋಡಿಸಿ. ಕಾಲಿರುವ ಕಬ್ಬಿಣದ ಜಾಲರಿಯ ಮೇಲೆ, ಹಿಂಗೋಡೆಯ ಕಡೆಗೆ, ದಪ್ಪ ತುಂಡುಗಳನ್ನು ಅಡಿಯಲ್ಲಿಡಿ, ನಡುವೆ ಬೆರಳು ಹೋಗುವಷ್ಟು ಸಂದಿ ಬಿಡಿ. ಅದರ ಮೇಲೆ ಅಡ್ಡಡ್ಡ ನಡುಗಾತ್ರದವು. ಎಲ್ಲಕ್ಕಿಂತ ಮೇಲೆ ಪುರಳೆ, ಸಣ್ಣ ಚಕ್ಕೆ, ಎರಡು ಮೂರು ಕಾಗದದ ಗಂಟು.

5. ಮೇಲಿನಿಂದ ಹಚ್ಚಿ, ಜಾಲರಿ ಪರದೆ ಮುಚ್ಚಿ, ಸುಮ್ನೆ ಬಿಡಿ.

ದಪ್ಪ ಸೌದೆ ಕೆಳಗೆ, ಬೆಂಕಿ ಮೇಲೆ ಎಂದರೆ ಮೊದಲಿಗೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಆದರೆ ಕಾರಣ ಸರಳ. ಕೆಳಗಿನಿಂದ ಹಚ್ಚಿದರೆ ಮೇಲಿನ ತಣ್ಣನೆ ಸೌದೆ ಬೇಗ ಕಾದು ಹೊಗೆ ಬಿಡುತ್ತದೆ, ಆ ಹೊಗೆ ಸುಡುವಷ್ಟು ಉರಿ ಇನ್ನೂ ಇರುವುದಿಲ್ಲ. ಮೇಲಿನಿಂದ ಹಚ್ಚಿದರೆ ಕೆಳಗಿನಿಂದ ಏಳುವ ಹೊಗೆ ಉರಿಯ ಮೂಲಕವೇ ಹಾಯಬೇಕು, ಅಲ್ಲೇ ಸುಟ್ಟುಹೋಗುತ್ತದೆ. ಗೊಳವೆಯೂ ಬೇಗ ಬಿಸಿಯಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಸ್ಪಿರಿಟ್ ಯಾವುದನ್ನೂ ಎಂದೂ ಸುರಿಯಬೇಡಿ. ಆವಿ ಕೋಣೆಯಲ್ಲಿ ಹರಡಿ, ಕಡ್ಡಿ ಗೀರಿದ ಕ್ಷಣ ಸಿಡಿಯುತ್ತದೆ. ಕೆಂಡ ಇರುವಾಗ ಸುರಿದರಂತೂ ಕಡ್ಡಿಯೂ ಬೇಡ.

ಉರಿಯುವಾಗ

ಸಣ್ಣ, ಚುರುಕಾದ ಬೆಂಕಿಯೇ ಒಳ್ಳೆಯದು. ರಾತ್ರಿಯಿಡೀ ನಡೆಯಲಿ ಎಂದು ದಪ್ಪ ಸೌದೆ ತುಂಬಿ ಹೊಗೆಯಾಡಲು ಬಿಟ್ಟರೆ ಗೊಳವೆ ಸುಮಾರು 120 ಡಿಗ್ರಿಗಿಂತ ತಣ್ಣಗಾಗುತ್ತದೆ, ಆಗ ಟಾರು ಕಟ್ಟುವುದು ಜೋರಾಗುತ್ತದೆ. ಹೊರಗೆ ಹೋಗಿ ಚಿಮಣಿಯ ತುದಿ ನೋಡಿ. ಬೆಂಕಿ ಹತ್ತಿಕೊಂಡ ಮೇಲೆ ಹೊಗೆ ತೆಳುವಾಗಿರಬೇಕು. ದಟ್ಟ ಬೂದು ಹೊಗೆ ಬರುತ್ತಿದ್ದರೆ ಸೌದೆ ಹಸಿ ಇದೆ ಅಥವಾ ಗಾಳಿ ಸಾಲುತ್ತಿಲ್ಲ. ಸೌದೆಯನ್ನು ಒಂದೋ ಎರಡೋ ತುಂಡಿನಂತೆ ಇಕ್ಕಳದಿಂದ ಹಿಂದಕ್ಕೆ ಇಡಿ, ಎಸೆಯಬೇಡಿ. ಸಡಿಲ ಬಟ್ಟೆ, ಬಿಟ್ಟ ಕೂದಲು ಎಚ್ಚರ. ಬೆಂಕಿ ಇರುವಾಗ ದೊಡ್ಡವರೊಬ್ಬರು ಕೋಣೆಯಲ್ಲಿ ಇರಲೇಬೇಕು. ಮನೆಯಲ್ಲಿ ಆಸ್ತಮಾ ಇರುವವರು, ಎಳೆ ಮಕ್ಕಳು ಇದ್ದರೆ ಹಚ್ಚುವುದನ್ನೇ ಕಡಿಮೆ ಮಾಡಿ. ಸೌದೆಯ ಹೊಗೆಯ ಸೂಕ್ಷ್ಮ ಕಣಗಳು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತವೆ.

ಕೋಣೆಗೆ ಹೊಗೆ ಬಂದರೆ ಮೊದಲು ಕಿಟಕಿ ತೆರೆಯಿರಿ. ಹೊಗೆ ನಿಂತರೆ ಕಾರಣ ಗೊತ್ತಾಯಿತು: ಬಿಗಿ ಮುಚ್ಚಿದ ಮನೆಗೆ ಒಳಗಾಳಿ ಸಾಲುತ್ತಿರಲಿಲ್ಲ. ಆಮೇಲೆ ಡ್ಯಾಂಪರ್, ಟೋಪಿಯ ಜಾಲರಿ, ಹಕ್ಕಿ ಗೂಡಿನ ಅಡಚಣೆ ನೋಡಬೇಕು. ಇಷ್ಟಾದರೂ ಬರುತ್ತಲೇ ಇದ್ದರೆ ಗೂಡಿನ ಬಾಯಿಗೆ ಹೋಲಿಸಿದರೆ ಗೊಳವೆ ಸಣ್ಣದಿರಬಹುದು. ಗೊಳವೆಯ ಅಡ್ಡಳತೆಯ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ ಸುಮಾರು ಹತ್ತನೇ ಒಂದು ಪಾಲಾದರೂ ಇರಬೇಕೆಂಬುದು ಕಟ್ಟುವವರ ಹಳೆ ಲೆಕ್ಕ.

ಹೊಗೆ ಕಣ್ಣಿಗೆ ಕಾಣುತ್ತದೆ, ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಇವು ಲಕ್ಷಣಗಳು. ಒಂದೇ ಹೊತ್ತಿಗೆ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಹೀಗಾದರೆ, ಅಥವಾ ಅಲಾರಂ ಕೂಗಿದರೆ, ಕಾರಣ ಹುಡುಕುತ್ತಾ ನಿಲ್ಲಬೇಡಿ. ಎಲ್ಲರೂ ಹೊರಗೆ ಬನ್ನಿ, ಅಲ್ಲಿಂದ ಸಹಾಯಕ್ಕೆ ಫೋನ್ ಮಾಡಿ.

ಮಲಗುವ ಮುಂಚೆ, ಮತ್ತು ಬೂದಿ

ಮಲಗುವುದಕ್ಕೆ ಎರಡು ಗಂಟೆ ಮೊದಲೇ ಸೌದೆ ಹಾಕುವುದು ನಿಲ್ಲಿಸಿ. ಉಳಿದ ಕೆಂಡವನ್ನು ಹರಡಿ, ಆರಲು ಬಿಡಿ. ನೀರು ಹೊಯ್ಯಬೇಡಿ. ಬಿಸಿ ಇಟ್ಟಿಗೆ ಸೀಳುತ್ತದೆ, ಹಬೆ ಮತ್ತು ಬೂದಿ ಮುಖಕ್ಕೆ ಹಾರುತ್ತದೆ. ಬೇಗ ಆರಿಸಲೇಬೇಕಾದರೆ ಮರಳು ಅಥವಾ ತಣ್ಣನೆ ಬೂದಿ ಮುಚ್ಚಿ. "ಬೆಚ್ಚನೆ ಗಾಳಿ ಹೋಗಿಬಿಡುತ್ತದೆ" ಎಂದು ಡ್ಯಾಂಪರ್ ಮುಚ್ಚಿ ಮಲಗುವುದು ಈ ಇಡೀ ಬರಹದಲ್ಲಿ ನಾನು ಹೇಳುವ ಅತಿ ದೊಡ್ಡ ಅಪಾಯ. ಉರಿ ಇಲ್ಲದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಬೂದಿ ಪೂರ್ತಿ ತಣ್ಣಗಾಗುವವರೆಗೆ ಡ್ಯಾಂಪರ್ ತೆರೆದೇ ಇರಲಿ. ಜಾಲರಿ ಪರದೆಯೂ ಮುಚ್ಚಿರಲಿ.

ಬೂದಿಯೊಳಗೆ ಹುದುಗಿದ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರಬಲ್ಲದು. ಹಾಗಾಗಿ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್, ರಟ್ಟಿನ ಡಬ್ಬ, ಕಸದ ಚೀಲಕ್ಕೆ ಹಾಕುವಂತಿಲ್ಲ. ಬಿಗಿ ಮುಚ್ಚಳದ ಲೋಹದ ಡಬ್ಬ ಬೇಕು. ಅದನ್ನು ಮರದ ಜಗಲಿಯ ಮೇಲಿಡದೆ, ಮನೆಯಿಂದ 10 ಅಡಿಯಾದರೂ ದೂರ ಬರಿನೆಲದ ಮೇಲೋ ಕಲ್ಲಿನ ಮೇಲೋ ಇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಬೂದಿ ಎಳೆಯಬೇಡಿ, ಒಂದು ಕಿಡಿ ಸಾಕು ಒಳಗಿನ ಚೀಲ ಹೊತ್ತಿಕೊಳ್ಳಲು. ಗೂಡಿನಲ್ಲಿ ಒಂದಿಂಚು ಬೂದಿ ಬಿಟ್ಟರೆ ಮುಂದಿನ ಬೆಂಕಿಗೆ ಒಳ್ಳೆಯ ಹಾಸು, ಅದಕ್ಕಿಂತ ಜಾಸ್ತಿಯಾದರೆ ಜಾಲರಿಯ ಕೆಳಗೆ ಗಾಳಿ ಆಡುವುದಿಲ್ಲ. ಶುದ್ಧ ಸೌದೆಯ ಬೂದಿಯನ್ನು ಗಿಡಗಳಿಗೆ ಸ್ವಲ್ಪ ಸ್ವಲ್ಪ ಹಾಕಬಹುದು. ಅದು ಕ್ಷಾರ, ಒದ್ದೆಯಾದರೆ ಚರ್ಮ ಉರಿಯುತ್ತದೆ, ಕೈಗವಸು ಹಾಕಿ.

ಚಿಮಣಿ ಗುಡಿಸುವುದು

ಛಾವಣಿ ಹತ್ತಿ ಅಭ್ಯಾಸ ಇಲ್ಲದವರು ಇದನ್ನು ಕಸುಬಿನವರಿಗೇ ಬಿಡಿ. ಗೊಳವೆ ನೇರವಾಗಿದ್ದು, ಮಸಿ ಪುಡಿಯಾಗಿದ್ದರೆ ಕೆಳಗಿನಿಂದಲೂ ಮಾಡಬಹುದು. ಗೊಳವೆಯ ಅಳತೆಗೆ ಸರಿಹೊಂದುವ ಬ್ರಷ್ ಬೇಕು. ಜೇಡಿಮಣ್ಣಿನ ಲೈನರ್‌ಗೆ ತಂತಿ ಬ್ರಷ್, ಸ್ಟೇನ್‌ಲೆಸ್ ಸ್ಟೀಲಿಗೆ ಪ್ಲಾಸ್ಟಿಕ್ ಎಳೆಯ ಬ್ರಷ್. ಕೊನೆಯ ಬೆಂಕಿಯಾಗಿ ಕೆಲವು ದಿನ ಕಳೆದಿರಲಿ. ಕೋಣೆಯಲ್ಲಿ ಹಳೆ ಬಟ್ಟೆ ಹಾಸಿ, ಗೂಡಿನ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಟೇಪಿನಿಂದ ಅಂಟಿಸಿ, ಕೋಲು ಹೋಗುವಷ್ಟು ತೂತು ಮಾಡಿ. ಕೋಲಿಗೆ ಕೋಲು ಸೇರಿಸುತ್ತಾ ತುದಿಯವರೆಗೂ ಬ್ರಷ್ ಮೇಲೆ ಕೆಳಗೆ ಆಡಿಸಿ. ಕೋಲನ್ನು ಬಿಗಿಯಾಗುವ ದಿಕ್ಕಿಗೇ ತಿರುಗಿಸಿ, ಇಲ್ಲದಿದ್ದರೆ ಬ್ರಷ್ ಕಳಚಿ ಮೇಲೆಯೇ ಸಿಕ್ಕಿಬೀಳುತ್ತದೆ. ಮಸಿ ಕೆಳಗೆ ಕೂರಲು ಒಂದು ಗಂಟೆ ಬಿಟ್ಟು ಹಾಳೆ ಬಿಚ್ಚಿ. ಡ್ಯಾಂಪರ್ ಹಿಂದಿನ ಕಟ್ಟೆಯನ್ನು ಮರೆಯಬೇಡಿ, ಉದುರಿದ್ದರಲ್ಲಿ ಸಾಕಷ್ಟು ಅಲ್ಲೇ ಇರುತ್ತದೆ.

ಎನ್95 ಮಾಸ್ಕ್, ಮುಚ್ಚಿದ ಕನ್ನಡಕ, ಕೈಗವಸು, ಪೂರ್ತಿ ತೋಳಿನ ಬಟ್ಟೆ ಇಲ್ಲದೆ ಮಸಿ ಮುಟ್ಟಬೇಡಿ. 1775ರಲ್ಲಿ ಲಂಡನ್‌ನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಚಿಮಣಿ ಗುಡಿಸುವವರಲ್ಲಿ ಕಾಣುತ್ತಿದ್ದ ಒಂದು ಬಗೆಯ ಕ್ಯಾನ್ಸರ್‌ಗೆ ಮಸಿಯೇ ಕಾರಣ ಎಂದು ಗುರುತಿಸಿದರು. ಕಸುಬಿನಿಂದ ಬರುವ ಕ್ಯಾನ್ಸರ್ ಎಂದು ಮೊದಲು ದಾಖಲಾದವುಗಳಲ್ಲಿ ಅದೂ ಒಂದು. ಆ ಕೆಲಸಕ್ಕೆ ಆಗ ಚಿಕ್ಕ ಹುಡುಗರನ್ನು ಗೊಳವೆಯೊಳಗೆ ಹತ್ತಿಸುತ್ತಿದ್ದರು.

ಚಿಮಣಿಗೆ ಬೆಂಕಿ ಬಿದ್ದರೆ

ಗೊಳವೆಯಿಂದ ರೈಲು ಹಾದಂತೆ ಭೋರೆನ್ನುವ ಸದ್ದು, ತುದಿಯಿಂದ ಕಿಡಿ ಅಥವಾ ಜ್ವಾಲೆ, ಸುಟ್ಟ ಕಟುವಾಸನೆ, ಗೋಡೆ ಕಾಯುವುದು. ಇವು ಕಂಡರೆ ಎಲ್ಲರನ್ನೂ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಒಳಗೆ ಶಾಖ ಸುಮಾರು 1,100 ಡಿಗ್ರಿವರೆಗೂ ಏರಬಹುದು, ಲೈನರ್ ಸೀಳಿ ಬೆಂಕಿ ಛಾವಣಿಗೆ ದಾಟಬಹುದು. ಗೂಡಿಗಾಗಲಿ ಮೇಲಿನಿಂದಾಗಲಿ ನೀರು ಸುರಿಯಬೇಡಿ. ಛಾವಣಿ ಹತ್ತಬೇಡಿ. ತಾನಾಗಿ ಆರಿದರೂ ದಳದವರು ಬಂದು ಛಾವಣಿಯ ಒಳಭಾಗ ನೋಡಲೇಬೇಕು. ಕೆಲವು ಚಿಮಣಿ ಬೆಂಕಿಗಳು ಸದ್ದಿಲ್ಲದೆ, ನಿಧಾನವಾಗಿ ಉರಿದು ಆರುತ್ತವೆ. ಪರೀಕ್ಷೆಯ ವೇಳೆ ಸಿಗುವ ಉಬ್ಬಿದ, ಜೇನುಗೂಡಿನಂತೆ ತೂತಾದ ಮಸಿ, ಸೀಳಿದ ಲೈನರ್, ಬಾಗಿದ ಡ್ಯಾಂಪರ್ ಇದರ ಗುರುತುಗಳು. ಯಾವ ಬಗೆಯದಾದರೂ, ಕ್ಯಾಮೆರಾ ಇಳಿಸಿ ನೋಡಿ ರಿಪೇರಿ ಆಗುವವರೆಗೆ ಆ ಗೂಡಿನಲ್ಲಿ ಮತ್ತೆ ಬೆಂಕಿ ಬೇಡ.

ಚಳಿ ಮುಗಿದ ಮೇಲೆ

ಗುಡಿಸುವ ಕೆಲಸವನ್ನು ಮುಂದಿನ ಚಳಿಯವರೆಗೆ ಎತ್ತಿಡದೆ ಈಗಲೇ ಮುಗಿಸಿ. ಮಸಿ ತೇವ ಹೀರಿದರೆ ಆಮ್ಲವಾಗಿ ಡ್ಯಾಂಪರ್ ಮತ್ತು ಗಾರೆಯನ್ನು ತಿನ್ನುತ್ತದೆ, ಕೋಣೆಯೆಲ್ಲ ಕಮಟು ವಾಸನೆ ಬರುತ್ತದೆ. ಬೂದಿ ಪೂರ್ತಿ ತೆಗೆಯಿರಿ. ಎಲ್ಲ ತಣ್ಣಗಾಗಿದೆ ಎಂದು ಖಚಿತವಾದ ಮೇಲೆ ಡ್ಯಾಂಪರ್ ಮುಚ್ಚಬಹುದು, ಆಗ ಹಿಡಿಗೆ ಕೆಂಪು ಬಟ್ಟೆಯ ತುಂಡೊಂದು ಕಟ್ಟಿ. ಮತ್ತೆ ಹಚ್ಚುವವರು ನೀವೇ ಆಗಿರಬೇಕೆಂದಿಲ್ಲ, ಮುಚ್ಚಿರುವುದು ಅವರಿಗೆ ಕಾಣಬೇಕು. ಬಿಟ್ಟು ಬಹಳ ದಿನವಾದ ಅಗ್ಗಿಷ್ಟಿಕೆಯ ಇಟ್ಟಿಗೆ ತೇವ ಹಿಡಿದಿರುತ್ತದೆ, ಆದ್ದರಿಂದ ಹೊಸ ಚಳಿಯ ಮೊದಲ ಎರಡು ಮೂರು ಬೆಂಕಿ ಚಿಕ್ಕದಾಗಿರಲಿ.